ಉಪಗೂಹನವೂ ನ್ಯಾಯಾಲಯದ ತೆರೆದ ಬಾಗಿಲೂ

ಶ್ರಾವಕನ ಸತ್ಯಾಣುವ್ರತಕ್ಕೆ ಐದು ಅತಿಚಾರಗಳುಂಟೆಂದು ತತ್ತ್ವಾರ್ಥಸೂತ್ರವು ತನ್ನ ಏಳನೆಯ ಅಧ್ಯಾಯದಲ್ಲಿ ಎಣಿಸುತ್ತದೆ. ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ ಎಂಬುವೇ ಆ ಐದು. ತಪ್ಪು ಉಪದೇಶ ಮಾಡುವುದು, ಕಳ್ಳಬರಹ ಬರೆಯುವುದು, ನಂಬಿ ಇಟ್ಟ ಠೇವಣಿಯನ್ನು ನುಂಗುವುದು ಈ ಮೂರೂ ಸುಳ್ಳಿನ ಸಂತತಿಯೆಂಬುದು ಯಾರಿಗಾದರೂ ತಿಳಿಯುತ್ತದೆ. ಉಳಿದೆರಡು ಹಾಗಲ್ಲ. ಏಕಾಂತದಲ್ಲಿ ಸ್ತ್ರೀಪುರುಷರ ನಡುವೆ ನಡೆದುದನ್ನು ಹೊರಗೆ ಹರಡುವುದು ರಹೋಭ್ಯಾಖ್ಯಾನವೆಂದೂ, ಹುಬ್ಬು ಮುಖಗಳ ಚಲನೆಯಿಂದ ಪರರ ಮನದ ಗುಟ್ಟನ್ನು ಊಹಿಸಿ ಅಸೂಯೆಯಿಂದ ಬಯಲು ಮಾಡುವುದು ಸಾಕಾರಮಂತ್ರಭೇದವೆಂದೂ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಇಲ್ಲಿ ಹೇಳಿದ ಮಾತು ನಿಜವೇ ಆಗಿರಬಹುದು. ಆದರೂ ಅದು ಸತ್ಯವ್ರತಕ್ಕೆ ಕಳಂಕ. ಪರರಿಗೆ ವಿಪತ್ತನ್ನು ತರುವ ನಿಜವನ್ನೂ ಆಡಬಾರದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿರುವುದೂ ಇದೇ ಅಭಿಪ್ರಾಯದಿಂದ.

ಹೀಗೆ ಒಂದೇ ವ್ರತವು ಮುಚ್ಚಿಡುವವನನ್ನೂ ತಡೆಯುತ್ತದೆ, ಬಿಚ್ಚಿಡುವವನನ್ನೂ ತಡೆಯುತ್ತದೆ. ನ್ಯಾಸಾಪಹಾರಿಯು ಹೇಳಲೇಬೇಕಾದುದನ್ನು ಹೇಳಲಿಲ್ಲ. ರಹೋಭ್ಯಾಖ್ಯಾನಿಯು ಹೇಳಬಾರದುದನ್ನು ಹೇಳಿದನು. ಇವೆರಡರ ನಡುವಣ ಗೆರೆಯನ್ನು ಎಲ್ಲಿ ಎಳೆಯಬೇಕು?

ಈ ಪ್ರಶ್ನೆಯು ಸ್ವಾಧ್ಯಾಯ ಮಂಟಪದಲ್ಲಿ ಮಾತ್ರ ಏಳುವಂಥದಲ್ಲ. ಕಳವು, ವಂಚನೆ, ಕೊಲೆ, ಅತ್ಯಾಚಾರಗಳ ಮೊಕದ್ದಮೆ ನಡೆಯುವ ಪ್ರತಿಯೊಂದು ನ್ಯಾಯಾಲಯದ ಮುಂದೆಯೂ ಇದು ನಿಂತಿದೆ. ಅಪರಾಧದ ವಿಚಾರಣೆಯಲ್ಲಿ ಜನರಿಗೆ ಯಾವುದು ತಿಳಿಯಬೇಕು, ಯಾವುದು ತಿಳಿಯಬಾರದು? ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಬೆಳಿಗ್ಗೆ ಆಡಿದ ಮಾತು ಹಿಂದೆ ಸಂಜೆಯ ಬಸ್ಸಿನಲ್ಲಿ ಮಾನ್ವಿಗೂ ದೇವದುರ್ಗಕ್ಕೂ ತಲುಪುತ್ತಿತ್ತು. ಮೊಬೈಲ್ ಬಂದ ಮೇಲೆ ಸಂಜೆಯವರೆಗೆ ಕಾಯಬೇಕಾಗಿಲ್ಲ. ಆದುದರಿಂದ ಕುಟುಂಬಗಳೂ ಬಸದಿ, ಮಂದಿರಗಳ ಟ್ರಸ್ಟುಗಳೂ ಈ ವಿಷಯವನ್ನು ಚರಿತ್ರೆಯ ಬೆಳಕಿನಲ್ಲಿ ವಿಚಾರ ಮಾಡುವುದು ಇಂದು ಅಗತ್ಯವಾಗಿದೆ.

ಸತ್ಯಘೋಷನ ಕಥೆಯ ಮೂರು ಹಂತಗಳು

ಅಸತ್ಯದ ಫಲಕ್ಕೆ ಉದಾಹರಣೆಯಾಗಿ ನಮ್ಮ ಪ್ರಥಮಾನುಯೋಗವು ಸತ್ಯಘೋಷನ ಕಥೆಯನ್ನು ಹೇಳುತ್ತದೆ. ಸಿಂಹಪುರದ ಅರಸ ಸಿಂಹಸೇನನ ಪುರೋಹಿತನು ಶ್ರೀಭೂತಿ. ಸುಳ್ಳಾಡಿದರೆ ನಾಲಗೆಯನ್ನೇ ಕತ್ತರಿಸಿಕೊಳ್ಳುವೆನೆಂದು ಜನಿವಾರಕ್ಕೆ ಕತ್ತಿಯೊಂದನ್ನು ಕಟ್ಟಿಕೊಂಡು ತಿರುಗುತ್ತಿದ್ದ ಅವನಿಗೆ ಸತ್ಯಘೋಷನೆಂಬ ಹೆಸರು ಬಂದಿತ್ತು. ಸಮುದ್ರದತ್ತನೆಂಬ ವರ್ತಕನು ಐದು ರತ್ನಗಳನ್ನು ಅವನಲ್ಲಿ ನಂಬಿ ಇಟ್ಟು ಕಡಲಯಾನಕ್ಕೆ ಹೋದನು. ಹಡಗು ಒಡೆದು ಎಲ್ಲವನ್ನೂ ಕಳೆದುಕೊಂಡು ಮರಳಿ ಬಂದಾಗ, ಇವನಾರೋ ಹುಚ್ಚನೆಂದು ಪುರೋಹಿತನು ಹೊರದಬ್ಬಿಸಿದನು. ವರ್ತಕನು ಅರಮನೆಯ ಬಳಿಯ ಮರವನ್ನೇರಿ ಪ್ರತಿ ರಾತ್ರಿಯ ಕೊನೆಯ ಜಾವದಲ್ಲಿ ತನ್ನ ದೂರನ್ನು ಕೂಗತೊಡಗಿದನು. ಆರು ತಿಂಗಳು ಹೀಗೆ ನಡೆಯಿತು. ದಿನವೂ ಒಂದೇ ಮಾತನ್ನು ಒಂದೇ ರೀತಿಯಲ್ಲಿ ಹೇಳುವವನು ಹುಚ್ಚನಾಗಿರಲಾರನೆಂದು ರಾಣಿ ರಾಮದತ್ತೆಯು ಅರಿತಳು. ಅವಳು ಪುರೋಹಿತನನ್ನು ಪಗಡೆಯಾಟಕ್ಕೆ ಕರೆದು, ಅವನ ಉಂಗುರವನ್ನೂ ಕತ್ತಿಯೊಡನೆ ಜನಿವಾರವನ್ನೂ ಗೆದ್ದು, ಅವುಗಳನ್ನು ಗುರುತಾಗಿ ತೋರಿಸಿ ದಾಸಿಯ ಮೂಲಕ ಅವನ ಹೆಂಡತಿಯಿಂದ ರತ್ನಗಳನ್ನು ತರಿಸಿದಳು. ಅರಸನು ಆ ಐದನ್ನು ತನ್ನ ಭಂಡಾರದ ಅನೇಕ ರತ್ನಗಳೊಡನೆ ಬೆರೆಸಿ ಇಟ್ಟನು. ಸಮುದ್ರದತ್ತನು ತನ್ನ ಐದನ್ನು ಮಾತ್ರ ಆರಿಸಿಕೊಂಡನು. ಬಳಿಕ ಪುರೋಹಿತನಿಗೆ ದಂಡನೆಯಾಯಿತು.

ಈ ಕಥೆಯನ್ನು ಸುಳ್ಳಿಗೆ ಶಿಕ್ಷೆಯೆಂದು ಮಾತ್ರ ಓದಿ ಬಿಡುವುದು ವಾಡಿಕೆ. ಆದರೆ ಇದರಲ್ಲಿ ನ್ಯಾಯಕ್ರಮದ ಮೂರು ಹಂತಗಳು ಸ್ಪಷ್ಟವಾಗಿವೆ. ಮೊದಲನೆಯದು ಮರದ ಮೇಲಿನ ಕೂಗು. ದೂರು ಎಲ್ಲರಿಗೂ ಕೇಳುವಂತಿರಬೇಕು, ಅದನ್ನು ಅದುಮುವ ಅಧಿಕಾರ ಯಾರಿಗೂ ಇಲ್ಲ. ಎರಡನೆಯದು ಪಗಡೆಯಾಟ. ಶೋಧನೆಯು ಗುಟ್ಟಾಗಿ ನಡೆಯಬೇಕು. ರಾಣಿಯು ತನ್ನ ಸಂಶಯವನ್ನು ಮೊದಲೇ ಸಾರಿದ್ದರೆ ರತ್ನಗಳು ಎಂದೂ ದೊರೆಯುತ್ತಿರಲಿಲ್ಲ. ಮೂರನೆಯದು ಅರಸನ ಪರೀಕ್ಷೆ. ಸಾಕ್ಷ್ಯವು ನ್ಯಾಯ ಹೇಳುವವನ ಕಣ್ಣೆದುರಿನಲ್ಲಿ ಪರೀಕ್ಷೆಗೆ ಒಳಗಾಗಬೇಕು, ದೂರಿತ್ತವನೂ ಆ ಪರೀಕ್ಷೆಗೆ ಹೊರತಲ್ಲ. ದೂರು ಬಯಲಿನಲ್ಲಿ, ಶೋಧನೆ ಮರೆಯಲ್ಲಿ, ತೀರ್ಮಾನ ಮತ್ತೆ ಬಯಲಿನಲ್ಲಿ. ಇಂದಿನ ದಂಡ ಪ್ರಕ್ರಿಯೆಯ ಕಾನೂನು ಸುತ್ತಿ ಸುತ್ತಿ ಬಂದು ನಿಂತಿರುವುದೂ ಬಹುಮಟ್ಟಿಗೆ ಈ ಕ್ರಮದಲ್ಲಿಯೇ.

ಕಲ್ಲಿನಲ್ಲಿ ಬರೆದ ಕಟ್ಟಳೆ, ಓದಲಾಗದ ಕಾಗದ

ಈ ಸೀಮೆಗೆ ಈ ವಿಚಾರವು ಹೊಸದಲ್ಲ. 1915ರಲ್ಲಿ ಬೆಳಕಿಗೆ ಬಂದ ರಾಯಚೂರು ಜಿಲ್ಲೆಯ ಮಸ್ಕಿ ಶಾಸನದಿಂದಲೇ ದೇವಾನಾಂಪ್ರಿಯನೆಂದರೆ ಅಶೋಕನೆಂಬುದು ಖಚಿತವಾಯಿತು. 1989ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ತೀರದ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ದೊರೆತ ಶಿಲೆಯ ಮೇಲೆ ಅಶೋಕನ ಪ್ರತ್ಯೇಕ ಶಾಸನಗಳ ಪಾಠವೂ ಇದೆ. ಕಳಿಂಗದ ಧೌಲಿ, ಜೌಗಡಗಳಲ್ಲಿ ಮೊದಲೇ ತಿಳಿದಿದ್ದ ಈ ಶಾಸನಗಳಲ್ಲಿ ಮೊದಲನೆಯದು ನಗರದ ನ್ಯಾಯಾಧಿಕಾರಿಗಳಿಗೆ ಕೊಟ್ಟ ಎಚ್ಚರಿಕೆ. ಕಾರಣವಿಲ್ಲದೆ ಯಾರೂ ಸೆರೆಮನೆಗೆ ಬೀಳಬಾರದು, ಯಾರೂ ಹಿಂಸೆಗೆ ಒಳಗಾಗಬಾರದು, ಅಸೂಯೆ, ಕೋಪ, ಆತುರ, ಆಲಸ್ಯಗಳು ಅಧಿಕಾರಿಯನ್ನು ಮುಟ್ಟಬಾರದು ಎಂಬುದು ಅದರ ಸಾರ. ಗಮನಿಸತಕ್ಕ ಅಂಶವೆಂದರೆ, ಅಧಿಕಾರಿಗಳಿಗೆ ಕೊಟ್ಟ ಈ ಆಜ್ಞೆಯನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಕೇಳಿಸಬೇಕೆಂದು ಅರಸನು ವಿಧಿಸಿದ್ದಾನೆ. ನ್ಯಾಯಾಧಿಕಾರಿಯ ಕರ್ತವ್ಯವೇನೆಂಬುದು ಅವನಿಗಷ್ಟೇ ತಿಳಿದರೆ ಸಾಲದು, ಅವನ ಕೈಕೆಳಗೆ ಬದುಕುವ ಜನರ ಕಿವಿಗೂ ಬೀಳಬೇಕೆಂಬ ವಿವೇಕ ಇದರಲ್ಲಿದೆ.

ಇದಕ್ಕೆ ವಿರುದ್ಧವಾದ ಮಾರ್ಗವನ್ನೂ ಈ ಸೀಮೆ ಕಂಡಿದೆ. ಹತ್ತೊಂಬತ್ತನೆಯ ಶತಮಾನದ ಮೂವತ್ತರ ದಶಕದಲ್ಲಿ ಠಕ್ಕರ ಹಾವಳಿಯನ್ನು ಅಡಗಿಸಲು ಕಂಪನಿ ಸರ್ಕಾರವು ಸೆರೆಸಿಕ್ಕ ಠಕ್ಕರನ್ನೇ ಮಾಫಿ ಸಾಕ್ಷಿಗಳನ್ನಾಗಿ ಮಾಡಿಕೊಂಡಿತು. ಅವರ ಹೇಳಿಕೆಗಳಿಂದ ತಂಡಗಳ ವಂಶಾವಳಿಗಳು ಅಧಿಕಾರಿಗಳ ದಫ್ತರಗಳಲ್ಲಿ ಸಿದ್ಧವಾದವು. 1836ರ ಕಾಯಿದೆಯ ಪ್ರಕಾರ ಠಕ್ಕರ ತಂಡಕ್ಕೆ ಸೇರಿದವನೆಂದು ಸಿದ್ಧವಾದರೆ ಅಷ್ಟರಿಂದಲೇ ಜೀವಾವಧಿ ಶಿಕ್ಷೆಯಾಗುತ್ತಿತ್ತು. ದೇವದುರ್ಗದಿಂದ ಕೃಷ್ಣೆಯನ್ನು ದಾಟಿದರೆ ಸಿಗುವ ಸುರಪುರದ ಆಡಳಿತವನ್ನು ಮುಂದೆ ನೋಡಿಕೊಂಡ ಮೆಡೋಸ್ ಟೇಲರನು 1839ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕಾದಂಬರಿಯು ಇಂಥ ಒಬ್ಬ ಠಕ್ಕನ ತಪ್ಪೊಪ್ಪಿಗೆಯ ರೂಪದಲ್ಲಿಯೇ ಇದೆ. ಹೆದ್ದಾರಿಗಳು ನಿರ್ಭಯವಾದುದು ವರ್ತಕರಿಗೆ ಉಪಕಾರವೇ ಸರಿ. ಆದರೆ ದಫ್ತರದ ಮರೆಯಲ್ಲಿ ಕಟ್ಟಿದ ಪಟ್ಟಿಯಲ್ಲಿ ಹೆಸರು ಸೇರಿದವನು ತನ್ನ ನಿರಪರಾಧಿತ್ವವನ್ನು ತೋರಿಸುವುದು ಎಷ್ಟು ಕಠಿಣವಾಗಿದ್ದಿರಬೇಕೆಂಬುದನ್ನು ಊಹಿಸಬಹುದು.

1853ರಿಂದ 1860ರವರೆಗೆ ಬ್ರಿಟಿಷರ ವಶದಲ್ಲಿದ್ದ ರಾಯಚೂರು ದೋಆಬ್ ಮತ್ತೆ ನಿಜಾಮ ಸಂಸ್ಥಾನಕ್ಕೆ ಮರಳಿತು. 1884ರಲ್ಲಿ ಸಂಸ್ಥಾನದ ಆಡಳಿತ ಭಾಷೆಯು ಪಾರ್ಸಿಯಿಂದ ಉರ್ದುವಿಗೆ ಬದಲಾಯಿತು. 1920ರ ದಶಕದ ಆರಂಭದಲ್ಲಿ ನ್ಯಾಯಾಂಗವನ್ನು ಕಂದಾಯಾಡಳಿತದಿಂದ ಬೇರ್ಪಡಿಸಿದ ಕೀರ್ತಿಯೂ ಆ ಸಂಸ್ಥಾನಕ್ಕೆ ಸಲ್ಲುತ್ತದೆ. ಆದರೂ ಮಾನ್ವಿ, ದೇವದುರ್ಗಗಳ ಕನ್ನಡ ರೈತನಿಗೆ ತನ್ನ ಮೇಲಿನ ಆರೋಪವೇನು, ಸಾಕ್ಷಿಯು ಹೇಳಿದ್ದೇನು ಎಂಬುದನ್ನು ತಿಳಿಯಲು ಮತ್ತೊಬ್ಬರ ಬಾಯಿ ಬೇಕಾಗಿತ್ತು. ಮಿಸಲು, ಫೈಸಲಾ, ನಕಲು ಮೊದಲಾದ ಮಾತುಗಳು ಇಂದಿಗೂ ಈ ಭಾಗದ ಹಿರಿಯರ ಬಾಯಲ್ಲಿ ಉಳಿದಿವೆ. ಬಾಗಿಲು ತೆರೆದಿದ್ದರೂ ಒಳಗಿನ ಮಾತು ತಿಳಿಯದಿದ್ದರೆ ಆ ತೆರವು ಅರ್ಧ ಮಾತ್ರ. 1948ರಲ್ಲಿ ಹೈದರಾಬಾದು ಭಾರತದೊಡನೆ ಸೇರಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ಕನ್ನಡ ರಾಜ್ಯಕ್ಕೆ ಬಂದಿತು. 2008ರಲ್ಲಿ ಕಲಬುರಗಿಯಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು ಆರಂಭವಾಗಿ 2013ರಲ್ಲಿ ಕಾಯಂ ಆಯಿತು. ಬೆಂಗಳೂರಿಗೆ ಹೋಗದೆಯೇ ಈ ಭಾಗದವರು ತಮ್ಮ ಮೇಲ್ಮನವಿಯ ವಾದವನ್ನು ಕುಳಿತು ಕೇಳುವಂತಾದುದೂ ತೆರೆದ ಬಾಗಿಲಿನ ಇನ್ನೊಂದು ರೂಪವೇ.

ವರ್ತಕನ ಸಾಕ್ಷ್ಯ, ವರ್ತಕನ ದಿನಚರಿ

ನ್ಯಾಯಾಲಯವು ಎಲ್ಲರಿಗೂ ತೆರೆದಿರಬೇಕೆಂಬ ನಿಯಮವು 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 352ನೆಯ ಕಲಮಾಗಿತ್ತು, 1973ರ ಸಂಹಿತೆಯಲ್ಲಿ 327ನೆಯ ಕಲಮಾಯಿತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 366ನೆಯ ಕಲಮಾಗಿದೆ. ಅದರ ಜೊತೆಯಲ್ಲಿಯೇ ತನಿಖಾಧಿಕಾರಿಯ ಕೇಸ್ ಡೈರಿಯನ್ನು ಮರೆಯಲ್ಲಿಡುವ ನಿಯಮವೂ ಬೆಳೆದು ಬಂದಿದೆ. ನ್ಯಾಯಾಧೀಶರು ಅದನ್ನು ತರಿಸಿ ನೋಡಬಹುದು. ಆರೋಪಿಯಾಗಲಿ ಅವನ ವಕೀಲರಾಗಲಿ ಕೇವಲ ಕೋರಿಕೆಯಿಂದ ನೋಡುವಂತಿಲ್ಲ. ಪಗಡೆಯಾಟಕ್ಕೂ ರಾಜಪರೀಕ್ಷೆಗೂ ಇರುವ ಭೇದವೇ ಇದು.

ವರ್ತಕರಿಗೆ ನೇರವಾಗಿ ತಟ್ಟುವ ಎರಡು ಪ್ರಸಂಗಗಳು ಸ್ವತಂತ್ರ ಭಾರತದಲ್ಲಿ ನಡೆದವು. ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ವಾರಪತ್ರಿಕೆಯೊಂದರ ಮೇಲೆ ಹೂಡಿದ ಮಾನನಷ್ಟದ ಸಿವಿಲ್ ದಾವೆಯಲ್ಲಿ ಒಬ್ಬ ವ್ಯಾಪಾರಿಯು ಸಾಕ್ಷಿಯಾಗಿದ್ದನು. ತನ್ನ ಸಾಕ್ಷ್ಯವು ಪತ್ರಿಕೆಗಳಲ್ಲಿ ಬಂದುದರಿಂದ ವ್ಯವಹಾರಕ್ಕೆ ಧಕ್ಕೆಯಾಗಿದೆ, ಮುಂದಿನ ಹೇಳಿಕೆಯನ್ನಾದರೂ ಪ್ರಕಟಿಸದಂತೆ ತಡೆಯಬೇಕು ಎಂದು ಬೇಡಿದನು. ನ್ಯಾಯಾಧೀಶರು ಒಪ್ಪಿದರು. ಪತ್ರಕರ್ತರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1966ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ನರೇಶ ಶ್ರೀಧರ ಮಿರಾಜಕರ ಪ್ರಕರಣದಲ್ಲಿ ತೀರ್ಪಿತ್ತಿತು. ತೆರೆದ ವಿಚಾರಣೆಯೇ ನಿಯಮ, ಏಕೆಂದರೆ ಜನರ ಕಣ್ಣು ನ್ಯಾಯಾಧೀಶನನ್ನೂ ಸಾಕ್ಷಿಯನ್ನೂ ಎಚ್ಚರದಲ್ಲಿಡುತ್ತದೆ. ಆದರೆ ಪ್ರಕಟಣೆಯಿಂದ ನ್ಯಾಯವೇ ಕೆಡುವಂತಿದ್ದರೆ ಅಪವಾದವಾಗಿ ಅದನ್ನು ತಡೆಯುವ ಅಧಿಕಾರವು ಉಚ್ಚ ನ್ಯಾಯಾಲಯಕ್ಕಿದೆ. ಇದು ಬಹುಮತದ ಅಭಿಪ್ರಾಯ. ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಇದಕ್ಕೆ ಭಿನ್ನಮತವನ್ನು ಬರೆದರು. ಒಬ್ಬ ವ್ಯಾಪಾರಿಯ ನಷ್ಟದ ಭಯವು ತೆರೆದ ಬಾಗಿಲನ್ನು ಮುಚ್ಚಲು ಸಾಕಾದ ಕಾರಣವೇ ಎಂಬ ಸಂದೇಹವು ಆ ಭಿನ್ನಮತದೊಡನೆ ಇಂದಿಗೂ ಉಳಿದಿದೆ.

ಎರಡನೆಯದು ಸಮಾಜದ ಹೆಸರಿಗೇ ಅಂಟಿಕೊಂಡ ಪ್ರಸಂಗ. 1991ರಲ್ಲಿ ದೆಹಲಿಯಲ್ಲಿ ಸಿಬಿಐ ನಡೆಸಿದ ಶೋಧನೆಯಲ್ಲಿ ಜೈನ್ ಎಂಬ ಅಡ್ಡಹೆಸರಿನ ಉದ್ಯಮಿ ಸಹೋದರರಿಗೆ ಸೇರಿದ ದಿನಚರಿಗಳೂ ಬಿಡಿಹಾಳೆಗಳೂ ಸಿಕ್ಕವು. ಅವುಗಳಲ್ಲಿ ಪೂರ್ಣ ಹೆಸರುಗಳಿಗೆ ಬದಲಾಗಿ ಬಹುಮಟ್ಟಿಗೆ ಅಕ್ಷರಸಂಕೇತಗಳು, ಅವುಗಳ ಮುಂದೆ ಮೊತ್ತಗಳು. ಮೊದಲ ಎರಡು ವರ್ಷ ಆ ಕಾಗದಗಳು ಅಧಿಕಾರಿಗಳ ಬಳಿಯೇ ತಣ್ಣಗೆ ಮಲಗಿದವು. 1993ರಲ್ಲಿ ಪತ್ರಕರ್ತ ವಿನೀತ್ ನಾರಾಯಣ್ ಮೊದಲಾದವರು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದ ಮೇಲೆಯೇ ತನಿಖೆಗೆ ಚಲನೆ ಬಂದಿತು. 1996ರಲ್ಲಿ ದೋಷಾರೋಪಣ ಪಟ್ಟಿಗಳು ಸಲ್ಲಿಕೆಯಾದವು. ಸಂಕೇತಾಕ್ಷರಗಳಿಗೆ ಯಾವ ಯಾವ ಹೆಸರು ಹೊಂದುತ್ತದೆಂಬುದನ್ನು ದೇಶವೇ ಊಹಿಸಿ ಆಡತೊಡಗಿತು. ಹಲವರು ಪದವಿಗಳನ್ನು ಕಳೆದುಕೊಂಡರು. 1997ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಇಬ್ಬರು ಪ್ರಮುಖರನ್ನು ಆರೋಪಮುಕ್ತಗೊಳಿಸಿತು. 1998ರ ಮಾರ್ಚ್ 2ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಬಿಡಿಹಾಳೆಗಳು ಲೆಕ್ಕದ ಪುಸ್ತಕವಲ್ಲ, ಕ್ರಮವಾಗಿ ಬರೆದ ಲೆಕ್ಕದ ಪುಸ್ತಕವಾದರೂ ಬೇರೆ ಆಧಾರವಿಲ್ಲದೆ ಅದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದು ಎಂಬುದು ಸಾಕ್ಷ್ಯ ಅಧಿನಿಯಮದ 34ನೆಯ ಕಲಮಿನ ತಾತ್ಪರ್ಯವೆಂದು ಸಾರಿತು.

ಕಿರ್ದಿ ಖಾತೆಗಳನ್ನು ಬರೆದು ಬಲ್ಲವರಿಗೆ ಈ ತೀರ್ಪಿನ ಮರ್ಮವು ತಾನೇ ತಿಳಿಯುತ್ತದೆ. ನಾವು ಬರೆದುಕೊಂಡ ಚೀಟಿಯು ನಮ್ಮ ನೆನಪಿಗೆ ಸಾಕ್ಷಿಯೇ ಹೊರತು ಎದುರಿನವನ ಒಪ್ಪಿಗೆಗೆ ಸಾಕ್ಷಿಯಲ್ಲ. ಈ ಒಂದೇ ಪ್ರಕರಣದಲ್ಲಿ ಎರಡು ದೋಷಗಳೂ ಕಾಣುತ್ತವೆ. ಮೊದಲು ಬಲಾಢ್ಯರ ಹೆಸರಿದ್ದ ಕಾಗದವನ್ನು ಅನುಚಿತವಾಗಿ ಮುಚ್ಚಿಟ್ಟರು. ಅನಂತರ ಪರೀಕ್ಷೆಗೆ ಒಳಗಾಗದ ಅಕ್ಷರಗಳನ್ನು ಅನುಚಿತವಾಗಿ ಹರಡಿದರು. ಮೊದಲಿನ ತಪ್ಪಿಗೆ ಎರಡನೆಯ ತಪ್ಪು ಪರಿಹಾರವಾಗಲಿಲ್ಲ. ಸಂಜ್ಞೆಯಿಂದ ಊಹಿಸಿ ಪರರನ್ನು ಬಯಲಿಗೆಳೆಯುವುದೇ ಸಾಕಾರಮಂತ್ರಭೇದವೆಂದು ಪೂಜ್ಯಪಾದರು ಹೇಳಿದುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆಯನ್ನು ಹುಡುಕಬೇಕಾಗಿಲ್ಲ.

ಹೆಸರಿಗೆ ಒಂದು ಮರೆ

ನೊಂದವರ ಹೆಸರಿನ ವಿಷಯದಲ್ಲಿ ಕಾನೂನು ತಡವಾಗಿ ಎಚ್ಚೆತ್ತಿತು. ಅತ್ಯಾಚಾರದ ಪ್ರಕರಣಗಳು ಗುಪ್ತವಾಗಿ ವಿಚಾರಣೆಯಾಗಬೇಕೆಂದೂ, ನೊಂದವಳ ಗುರುತನ್ನು ಪ್ರಕಟಿಸುವುದು ಅಪರಾಧವೆಂದೂ 1983ರ ತಿದ್ದುಪಡಿಯು ವಿಧಿಸಿತು. ಭಾರತ ದಂಡ ಸಂಹಿತೆಯ 228ಎ ಕಲಮಾಗಿದ್ದ ಈ ನಿಷೇಧವು ಈಗ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಾಗಿದೆ. 2003ರಲ್ಲಿ ಕರ್ನಾಟಕ ಸರ್ಕಾರದ ಮೇಲ್ಮನವಿಯೊಂದನ್ನು ತೀರ್ಮಾನಿಸುವಾಗ ಸರ್ವೋಚ್ಚ ನ್ಯಾಯಾಲಯವು ಒಂದು ಹೆಜ್ಜೆ ಮುಂದೆ ಹೋಯಿತು. ಉಚ್ಚ ನ್ಯಾಯಾಲಯಗಳ ತೀರ್ಪಿನ ಮುದ್ರಣಕ್ಕೆ ಆ ನಿಷೇಧವು ಅನ್ವಯಿಸದಿದ್ದರೂ, ಅದರ ಉದ್ದೇಶವನ್ನು ಗೌರವಿಸಿ ತೀರ್ಪುಗಳಲ್ಲಿಯೂ ಹೆಸರನ್ನು ಬರೆಯದಿರುವುದು ಯೋಗ್ಯವೆಂದು ಹೇಳಿ, ತಾನೂ ಹಾಗೆಯೇ ನಡೆಯಿತು.

2017ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಒಬ್ಬ ತಂದೆಯ ಅರ್ಜಿ ಬಂದಿತು. ಅವನ ಮಗಳು ಹಿಂದೆ ಒಬ್ಬನ ಮೇಲೆ ಹೂಡಿದ್ದ ಕ್ರಿಮಿನಲ್ ಪ್ರಕರಣವು ರಾಜಿಯಲ್ಲಿ ಮುಗಿದಿತ್ತು. ಆದರೆ ಅಂತರ್ಜಾಲದಲ್ಲಿ ಅವಳ ಹೆಸರನ್ನು ಹುಡುಕಿದವರಿಗೆಲ್ಲ ಆ ಆದೇಶವೇ ಮೊದಲು ಕಾಣುವ ಭಯವಿತ್ತು. ನ್ಯಾಯಾಲಯವು ಎರಡೂ ಕಡೆಯ ತೂಕವನ್ನು ನೋಡಿತು. ಅಂತರ್ಜಾಲದ ಹುಡುಕಾಟದಲ್ಲಿ ಹೆಸರು ಕಾಣದಂತೆ ಕ್ರಮ ಕೈಗೊಳ್ಳಲು ಕಚೇರಿಗೆ ಆದೇಶಿಸಿತು. ಆದರೆ ಪ್ರಮಾಣೀಕೃತ ನಕಲನ್ನು ಪಡೆಯುವವರಿಗೆ ಹೆಸರು ಇದ್ದಂತೆಯೇ ಇರುವುದೆಂದು ಸ್ಪಷ್ಟಪಡಿಸಿತು. ದಾಖಲೆಯನ್ನು ಅಳಿಸಲಿಲ್ಲ, ಡಂಗುರವನ್ನು ಮಾತ್ರ ನಿಲ್ಲಿಸಿತು. ಕಾರಣವುಳ್ಳವನು ಅರ್ಜಿ ಕೊಟ್ಟು ನಕಲು ಪಡೆಯುವುದಕ್ಕೂ ಕುತೂಹಲಿಯು ಬೆರಳ ತುದಿಯಲ್ಲಿ ಪರರ ದುಃಖವನ್ನು ತೆರೆದು ನೋಡುವುದಕ್ಕೂ ಇರುವ ಅಂತರವನ್ನು ಕನ್ನಡ ನಾಡಿನ ನ್ಯಾಯಾಲಯವು ಇಲ್ಲಿ ಚೆನ್ನಾಗಿ ಗುರುತಿಸಿತು.

2018ರ ಡಿಸೆಂಬರ್ 11ರಂದು ನಿಪುಣ ಸಕ್ಸೇನಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಮರೆಯನ್ನು ಮತ್ತಷ್ಟು ದೃಢಪಡಿಸಿತು. ಹೆಸರನ್ನು ಬಿಟ್ಟರೆ ಸಾಲದು, ಗುರುತು ಸಿಗುವ ಯಾವ ವಿವರವನ್ನೂ ಕೊಡಬಾರದು. ಸತ್ತವರಿಗೂ ಮಾನವುಂಟು, ಆದುದರಿಂದ ಬಂಧುಗಳು ಒಪ್ಪಿದರೂ ಸೆಷನ್ಸ್ ನ್ಯಾಯಾಧೀಶರ ತೀರ್ಮಾನವಿಲ್ಲದೆ ಹೆಸರನ್ನು ಪ್ರಕಟಿಸಬಾರದು ಎಂದಿತು.

ಇದಾಗಿ ನಾಲ್ಕೇ ತಿಂಗಳಲ್ಲಿ, 2019ರ ಏಪ್ರಿಲ್‌ನಲ್ಲಿ, ರಾಯಚೂರು ನಗರದಲ್ಲಿ ಒಬ್ಬ ವಿದ್ಯಾರ್ಥಿನಿಯ ಶವ ದೊರೆಯಿತು. ಆತ್ಮಹತ್ಯೆಯೆಂಬ ಮೊದಲ ಮಾತನ್ನು ಜನ ನಂಬಲಿಲ್ಲ. ಅತ್ಯಾಚಾರ, ಕೊಲೆಗಳ ಶಂಕೆ ಎದ್ದಿತು. ರಾಯಚೂರಿನಲ್ಲಿ ಮಾತ್ರವಲ್ಲದೆ ರಾಜ್ಯದ ಅನೇಕ ಊರುಗಳಲ್ಲಿ ಮೆರವಣಿಗೆಗಳಾದವು, ಮೇಣದ ಬತ್ತಿಗಳು ಉರಿದವು. ತನಿಖೆಯನ್ನು ಸಿಐಡಿಗೆ ಒಪ್ಪಿಸಲಾಯಿತು. ಜನರು ದನಿ ಎತ್ತಿದುದು ತಪ್ಪಲ್ಲ. ಅದು ಮರವನ್ನೇರಿದ ಸಮುದ್ರದತ್ತನ ಕೂಗು. ಆದರೆ ಆ ಕೂಗಿನ ಜೊತೆಯಲ್ಲಿ ಅವಳ ಹೆಸರೂ ಭಾವಚಿತ್ರವೂ ಊರೂರಿನ ಫಲಕಗಳ ಮೇಲೆ, ಲಕ್ಷಾಂತರ ಮೊಬೈಲುಗಳ ಮೇಲೆ ಹರಡಿದವು. ಶಂಕೆಯು ನಿಜವಾದರೆ ಕಾನೂನಿನ ಪ್ರಕಾರ ಆ ಹೆಸರು ಬರಲೇಬಾರದಾ‌ಗಿತ್ತು. ಶಂಕೆಯು ನಿಜವಲ್ಲದಿದ್ದರೆ ಸತ್ತ ಹುಡುಗಿಯ ಹೆಸರಿಗೆ ಇಲ್ಲದ ದುಃಖವೊಂದನ್ನು ಕಟ್ಟಿದಂತಾಯಿತು. ಎರಡು ದಾರಿಯಲ್ಲಿಯೂ ಹೆಸರಿನ ಅಗತ್ಯವಿರಲಿಲ್ಲ. ನ್ಯಾಯ ಬೇಕೆಂಬ ಕೂಗು ಹೆಸರಿಲ್ಲದೆಯೂ ಕೇಳುತ್ತಿತ್ತು. ಈ ಪುಟಗಳಿಗೂ ಆ ಹೆಸರು ಬೇಡ.

ಮಹಾನಗರಗಳಲ್ಲಿ ಹೆಸರನ್ನು ಮರೆಮಾಡಿದರೆ ಗುರುತು ಮರೆಯಾಗಬಹುದು. ಮಾನ್ವಿ, ದೇವದುರ್ಗಗಳಂಥ ಊರುಗಳಲ್ಲಿ ಹಾಗಾಗದು. ಇಂಥ ಓಣಿ, ಇಂಥ ಅಂಗಡಿಯವರ ಮಗಳು, ಇಂಥ ಶಾಲೆ ಎಂಬಷ್ಟು ಸಾಕು, ಮನೆ ಯಾವುದೆಂದು ಊರೇ ಹೇಳುತ್ತದೆ. ಹೆಸರನ್ನು ಹೇಳಲಿಲ್ಲವೆಂಬ ಸಮಾಧಾನದಿಂದ ಉಳಿದೆಲ್ಲವನ್ನೂ ಹೇಳುವವನು ಕಾನೂನಿನಿಂದ ನುಣುಚಿಕೊಂಡರೂ ಅತಿಚಾರದಿಂದ ನುಣುಚಿಕೊಳ್ಳಲಾರ. ಚಿಕ್ಕ ಊರಿನಲ್ಲಿ ನಾಲಗೆಗೆ ದೊಡ್ಡ ಸಂಯಮ ಬೇಕು.

ಇಂದು ತೆರೆದಿರುವುದೇನು, ಮುಚ್ಚಿರುವುದೇನು

ಪ್ರಥಮ ವರ್ತಮಾನ ವರದಿಯ ನಕಲು ದೂರುದಾರನಿಗೆ ಉಚಿತವಾಗಿ ಸಲ್ಲಬೇಕು. 2016ರ ಸೆಪ್ಟೆಂಬರ್‌ನ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 24 ಗಂಟೆಗಳೊಳಗೆ ಅದು ಪೊಲೀಸ್ ಜಾಲತಾಣದಲ್ಲಿ ಬರಬೇಕು. ಸಂಪರ್ಕದ ತೊಂದರೆಯಿರುವ ಕಡೆ 72 ಗಂಟೆಗಳವರೆಗೆ ಅವಕಾಶವುಂಟು. ಲೈಂಗಿಕ ಅಪರಾಧ, ಮಕ್ಕಳ ಮೇಲಿನ ಅಪರಾಧ, ಭಯೋತ್ಪಾದನೆ ಮುಂತಾದವು ಇದಕ್ಕೆ ಹೊರತು. ತೊಂಬತ್ತು ದಿನಗಳೊಳಗೆ ತನಿಖೆಯ ಪ್ರಗತಿಯನ್ನು ದೂರುದಾರನಿಗೆ ಅಥವಾ ನೊಂದವರಿಗೆ ತಿಳಿಸಬೇಕೆಂದು ಹೊಸ ಸಂಹಿತೆಯು ವಿಧಿಸಿದೆ. ದೋಷಾರೋಪಣ ಪಟ್ಟಿಯು ಆರೋಪಿಗೂ ನೊಂದವರಿಗೂ ಸಿಗುತ್ತದೆ. ಆದರೆ ಅದು ಸಾರ್ವಜನಿಕ ದಾಖಲೆಯಲ್ಲ, ಅದನ್ನು ಜಾಲತಾಣದಲ್ಲಿ ಹಾಕಬೇಕಾಗಿಲ್ಲವೆಂದು 2023ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ. 2005ರ ಮಾಹಿತಿ ಹಕ್ಕು ಅಧಿನಿಯಮವೂ ತನಿಖೆಗೆ ಅಥವಾ ಅಭಿಯೋಜನೆಗೆ ಅಡ್ಡಿಯಾಗುವ ಮಾಹಿತಿಯನ್ನೂ, ಸುಳಿವು ಕೊಟ್ಟವನ ಪ್ರಾಣಕ್ಕೆ ಅಪಾಯ ತರುವ ಮಾಹಿತಿಯನ್ನೂ ತಡೆಹಿಡಿಯಲು ಅವಕಾಶ ಕೊಟ್ಟಿದೆ. ಆದರೆ ತನಿಖೆ ನಡೆಯುತ್ತಿದೆಯೆಂಬ ಒಂದೇ ಮಾತು ಸಾಲದು, ಮಾಹಿತಿಯಿಂದ ಹೇಗೆ ಅಡ್ಡಿಯಾಗುವುದೆಂಬುದನ್ನು ಅಧಿಕಾರಿಯು ತೋರಿಸಬೇಕೆಂದು 2007ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಹೇಳಿತು.

ಈ ನಿಯಮಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸೂತ್ರವು ಹೊಳೆಯುತ್ತದೆ. ದುರ್ಬಲನನ್ನು ಕಾಯುವ ಮರೆಯು ಗೌಪ್ಯ, ಬಲಾಢ್ಯನನ್ನು ಕಾಯುವ ಮರೆಯು ಮುಚ್ಚುಮರೆ. ಮೊದಲನೆಯದು ಧರ್ಮ, ಎರಡನೆಯದು ಅಪರಾಧದ ಮುಂದುವರಿಕೆ.

ಜಿನೇಂದ್ರಭಕ್ತನು ಮುಚ್ಚಿದುದು ಏನನ್ನು?

ಇಲ್ಲಿ ಸಮಾಜದೊಳಗಿನಿಂದಲೇ ಒಂದು ಆಕ್ಷೇಪ ಏಳುತ್ತದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದಲ್ಲವೇ? ಧರ್ಮಕ್ಕೆ ಬರುವ ನಿಂದೆಯನ್ನು ಮರೆಮಾಡುವುದೇ ಶ್ರಾವಕನ ಕರ್ತವ್ಯವಲ್ಲವೇ? ಮಂದಿರದಲ್ಲಿ ಕಳವಾದರೆ, ಹುಂಡಿಯ ಲೆಕ್ಕ ತಪ್ಪಿದರೆ, ಧಾರ್ಮಿಕ ವೇಷದವನೊಬ್ಬನು ದುರ್ನಡತೆ ತೋರಿದರೆ ಊರ ಮುಂದೆ ತರದೆ ಒಳಗೇ ಮುಗಿಸಿಬಿಡೋಣ ಎಂಬ ಮಾತು ಟ್ರಸ್ಟುಗಳ ಸಭೆಗಳಲ್ಲಿ ಕೇಳಿಬರುವುದುಂಟು. ಅದಕ್ಕೆ ಆಧಾರವಾಗಿ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ಹೇಳುವುದೂ ಉಂಟು. ಆದುದರಿಂದ ಆ ಕಥೆಯನ್ನು ಸರಿಯಾಗಿ ಓದಬೇಕು.

ಸುಮಾರು 1112ರಲ್ಲಿ ಮುಳುಗುಂದದಲ್ಲಿ ನಯಸೇನನು ರಚಿಸಿದ ಧರ್ಮಾಮೃತದಲ್ಲಿಯೂ ಉಪಗೂಹನಕ್ಕೆ ಈ ಕಥೆಯೇ ನಿದರ್ಶನ. ತಾಮ್ರಲಿಪ್ತಿಯ ಶ್ರೇಷ್ಠಿಯ ಮನೆಯ ಜಿನಾಲಯದಲ್ಲಿ ಪಾರ್ಶ್ವನಾಥರ ಬಿಂಬದ ಛತ್ರದ ಮೇಲೆ ಅಮೂಲ್ಯವಾದ ವೈಡೂರ್ಯವಿತ್ತು. ಕಳ್ಳನೊಬ್ಬನು ವ್ರತಿಯ ವೇಷದಿಂದ ಬಂದು ಅವನ ನಂಬಿಕೆಯನ್ನು ಗಳಿಸಿದನು. ಶ್ರೇಷ್ಠಿಯು ಅವನನ್ನೇ ಕಾವಲಿಗಿಟ್ಟು ಪಯಣ ಹೊರಟು ಊರ ಹೊರಗೆ ಬೀಡುಬಿಟ್ಟಾಗ, ಅದೇ ರಾತ್ರಿ ಕಳ್ಳನು ಮಣಿಯೊಡನೆ ಓಡಿದನು. ಮಣಿಯ ಬೆಳಕಿನಿಂದ ತಳವಾರರಿಗೆ ಸಿಕ್ಕಿಬೀಳುವಂತಾಗಿ ಶ್ರೇಷ್ಠಿಯ ಬೀಡಿಗೇ ಬಂದು ಮರೆಹೊಕ್ಕನು. ಶ್ರೇಷ್ಠಿಯು ಎಲ್ಲವನ್ನೂ ಅರಿತು, ಈ ಮಣಿಯನ್ನು ತಾನೇ ತರಹೇಳಿದ್ದೆನೆಂದು ತಳವಾರರನ್ನು ಕಳುಹಿಸಿ, ಬಳಿಕ ಆ ಕಪಟಿಯನ್ನು ಓಡಿಸಿದನು.

ಈ ಕಥೆಯಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಕಳವಾದುದು ಶ್ರೇಷ್ಠಿಯ ಸ್ವಂತ ಸೊತ್ತು. ಆ ಮಣಿಯು ಅಲ್ಲಿಯೇ ಮರಳಿ ಕೈಸೇರಿತು. ಕಳ್ಳನು ಮತ್ತೆ ಕಾವಲಿಗೆ ನಿಲ್ಲಲಿಲ್ಲ. ಶ್ರೇಷ್ಠಿಯು ಕ್ಷಮಿಸಿದುದು ತನ್ನ ನಷ್ಟವನ್ನು. ಮತ್ತೊಬ್ಬರ ಮಗುವಿನ ಮೇಲೆ ಕೈಮಾಡಿದವನನ್ನು, ಊರವರ ಕಾಣಿಕೆಯನ್ನು ನುಂಗಿದವನನ್ನು ಅವನು ಮರೆಮಾಡಲಿಲ್ಲ. ತನ್ನ ನೋವನ್ನು ಮುಚ್ಚಿಡುವ ಅಧಿಕಾರವು ನೊಂದವನಿಗೆ ಉಂಟು. ಪರರ ನೋವನ್ನು ಮುಚ್ಚಿಡುವ ಅಧಿಕಾರವು ಯಾರಿಗೂ ಇಲ್ಲ. ಉಪಗೂಹನವನ್ನು ಹೇಳುವಾಗ ಸಮಂತಭದ್ರರು ಅಜ್ಞಾನಿಗಳಿಂದಲೂ ಅಶಕ್ತರಿಂದಲೂ ಮಾರ್ಗಕ್ಕೆ ಬರುವ ನಿಂದೆಯನ್ನು ಮಾತ್ರ ಹೇಳಿದ್ದಾರೆ. ಯೋಜನೆ ಹಾಕಿ ಅಪರಾಧ ಮಾಡುವವನು ಅಜ್ಞಾನಿಯೂ ಅಲ್ಲ, ಅಶಕ್ತನೂ ಅಲ್ಲ.

ಟ್ರಸ್ಟಿನ ಸದಸ್ಯರು ದೇವದ್ರವ್ಯದ ಒಡೆಯರಲ್ಲ, ಅದನ್ನು ನ್ಯಾಸವಾಗಿ ಹೊತ್ತವರು. ಅದರ ಕಳವನ್ನು ಮುಚ್ಚಿದರೆ ಅದು ಉಪಗೂಹನವಾಗದೆ ನ್ಯಾಸಾಪಹಾರವಾಗುತ್ತದೆ. ಪ್ರಾಚೀನ ಬಿಂಬವು ಕಳುವಾದಾಗ ತಡಮಾಡದೆ ದೂರು ಕೊಟ್ಟು ಅದರ ಭಾವಚಿತ್ರವನ್ನು ಎಲ್ಲೆಡೆ ಪ್ರಕಟಿಸುವುದೇ ಅದು ಮರಳುವ ದಾರಿ. 1972ರ ಪ್ರಾಚ್ಯವಸ್ತು ಅಧಿನಿಯಮದಂತೆ ನೋಂದಣಿಯಾಗಿ ಭಾವಚಿತ್ರವಿರುವ ಬಿಂಬವನ್ನು ಮಾರುವುದು ಕಳ್ಳನಿಗೆ ಸುಲಭವಲ್ಲ. ಕಾವಲಿನ ವ್ಯವಸ್ಥೆ, ಬೀಗದ ವಿವರ, ಸುಳಿವು ಕೊಟ್ಟ ಪೂಜಾರಿಯ ಅಥವಾ ನೆರೆಯವನ ಹೆಸರು ಇವುಗಳನ್ನು ಮಾತ್ರ ಗುಟ್ಟಾಗಿಡಬೇಕು.

ಮಗುವಿಗೆ ಸಂಬಂಧಿಸಿದ ವಿಷಯದಲ್ಲಂತೂ ಆಯ್ಕೆಯೇ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮು ತಿಳಿದವರೆಲ್ಲರೂ ಪೊಲೀಸರಿಗೆ ತಿಳಿಸಬೇಕೆಂದು ವಿಧಿಸುತ್ತದೆ. ತಿಳಿಸದವರಿಗೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥನು ತನ್ನ ಕೈಕೆಳಗಿನವನ ಅಪರಾಧವನ್ನು ತಿಳಿಸದಿದ್ದರೆ ಒಂದು ವರ್ಷದವರೆಗೆ ಸೆರೆವಾಸವುಂಟು. ಅದೇ ಕಾಯಿದೆಯ 23ನೆಯ ಕಲಮು ಮಗುವಿನ ಹೆಸರು, ವಿಳಾಸ, ಮನೆತನ, ಶಾಲೆ, ನೆರೆಹೊರೆ ಯಾವುದನ್ನೂ ಮಾಧ್ಯಮದಲ್ಲಿ ಪ್ರಕಟಿಸಬಾರದೆಂದೂ ವಿಧಿಸುತ್ತದೆ. ಹೇಳಬೇಕಾದವರಿಗೆ ಹೇಳು, ಹೇಳಬಾರದವರಿಗೆ ಹೇಳಬೇಡ. ಎರಡು ಸಾವಿರ ವರ್ಷಗಳ ಹಿಂದಿನ ಅತಿಚಾರಗಳ ಪಟ್ಟಿಯಲ್ಲಿರುವ ವಿವೇಕವೇ ಈ ಎರಡು ಕಲಮುಗಳಲ್ಲಿ ಕಾನೂನಾಗಿ ಕುಳಿತಿದೆ.

ಸಾಕ್ಷಿ ಹೇಳಲು ಅಂಜುವವರಿಗೂ ಈಗ ಆಸರೆಯುಂಟು. 2018ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾಕ್ಷಿ ಸಂರಕ್ಷಣಾ ಯೋಜನೆಗೆ ಕಾನೂನಿನ ಬಲವನ್ನು ಕೊಟ್ಟಿತು. ಹೊಸ ಸಂಹಿತೆಯ 398ನೆಯ ಕಲಮು ಪ್ರತಿ ರಾಜ್ಯವೂ ಅಂಥ ಯೋಜನೆಯನ್ನು ಪ್ರಕಟಿಸಬೇಕೆನ್ನುತ್ತದೆ. ವ್ಯಾಪಾರಕ್ಕೆ ತೊಂದರೆ, ಊರಿನಲ್ಲಿ ವೈರ ಎಂದು ಕಂಡುದನ್ನು ಕಾಣಲಿಲ್ಲವೆನ್ನುವ ಶ್ರಾವಕನು ಮೌನದಿಂದ ಅಹಿಂಸೆಯನ್ನು ಪಾಲಿಸಿದಂತಾಗುವುದಿಲ್ಲ. ನೊಂದವನ ಹಿಂಸೆಯು ಆ ಮೌನದಿಂದ ಇಮ್ಮಡಿಯಾಗುತ್ತದೆ.

ಧರ್ಮದ ಕೀರ್ತಿಯು ಮುಚ್ಚಿದ ಕಡತದಿಂದ ಉಳಿಯುವಂಥದಲ್ಲ. ತಮ್ಮೊಳಗಿನ ಅಪರಾಧಿಯನ್ನು ತಾವೇ ನ್ಯಾಯಾಲಯದ ಬಾಗಿಲಿಗೆ ಒಯ್ದು, ತಮ್ಮೊಳಗಿನ ನೊಂದವರ ಹೆಸರನ್ನು ಮಾತ್ರ ಎದೆಯಲ್ಲಿ ಬಚ್ಚಿಟ್ಟುಕೊಳ್ಳುವ ಸಮಾಜವನ್ನು ಯಾರೂ ನಿಂದಿಸಲಾರರು. ದೂರನ್ನು ಅಡಗಿಸದಿರುವುದು, ತನಿಖೆಯನ್ನು ಕೆದಕದಿರುವುದು, ತೀರ್ಪು ಬರುವವರೆಗೆ ಆರೋಪಿಯನ್ನು ಅಪರಾಧಿಯೆನ್ನದಿರುವುದು, ನೊಂದವರ ಗುರುತನ್ನು ಎಂದೆಂದಿಗೂ ಹೇಳದಿರುವುದು, ಈ ನಾಲ್ಕನ್ನು ಮನೆಮನೆಗಳಲ್ಲಿ ಹಿರಿಯರು ನಡೆದು ತೋರಿಸಿದರೆ ಮಕ್ಕಳಿಗೆ ಸತ್ಯಾಣುವ್ರತವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ಮುಂದಿನ ಪರ್ಯೂಷಣ, ದಶಲಕ್ಷಣ ಪರ್ವಗಳಲ್ಲಿ ಉತ್ತಮ ಸತ್ಯದ ದಿನದಂದು ಪ್ರತಿಯೊಂದು ಟ್ರಸ್ಟೂ ಈ ವಿಷಯವನ್ನು ಚರ್ಚಿಸಿ, ತನ್ನ ನಡಾವಳಿ ಪುಸ್ತಕದಲ್ಲಿ ಒಂದು ನಿರ್ಣಯವಾಗಿ ಬರೆದಿಡುವುದು ಶ್ರೇಯಸ್ಕರ.